ಯಂತ್ರಯುಗದ ಮಗು ಮತ್ತು ಸೊನ್ನಲಿಗೆಯ ಕೆರೆ



ಸೊಲ್ಲಾಪುರದ ಭುಯಿಕೋಟೆಯ ಮಗ್ಗುಲಲ್ಲಿ ಹರಡಿರುವ ಸಿದ್ಧೇಶ್ವರ ಕೆರೆಯನ್ನು ನೋಡದ ಕನ್ನಡ ಶಿಕ್ಷಕರು ಈ ಜಿಲ್ಲೆಯಲ್ಲಿ ಇರಲಾರರು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ಶಾಲೆಗಳಲ್ಲಿ ಪ್ರವಾಸವೆಂದರೆ ಮೊದಲು ನೆನಪಾಗುವ ಸ್ಥಳವೇ ಅದು. ಮಕ್ಕಳು ಸಾಲಾಗಿ ಇಳಿಯುತ್ತಾರೆ, ಗುಡಿಯನ್ನು ಸುತ್ತುತ್ತಾರೆ, ಫೋಟೋ ತೆಗೆಯಿಸಿಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ. ಆ ಕೆರೆಯನ್ನು ಯಾರು ಅಗೆಸಿದರು ಎಂದು ಕೇಳಿದರೆ ಸಿದ್ಧರಾಮೇಶ್ವರರು ಎಂಬ ಉತ್ತರವೂ ತಪ್ಪದೆ ಬರುತ್ತದೆ. ಆದರೆ ಆ ಕೆರೆಯ ದಂಡೆಯ ಮೇಲೆ ಹನ್ನೆರಡನೆಯ ಶತಮಾನದಲ್ಲಿ ನಡೆದುದೆಂದು ಶೂನ್ಯಸಂಪಾದನೆ ಹೇಳುವ ಒಂದು ಪ್ರಸಂಗವನ್ನು ಮಕ್ಕಳಿಗೆ ಹೇಳುವವರು ಕಡಿಮೆ. ಭೌತಿಕ ಸಾಧನಗಳು ಮಿತಿಮೀರಿ ಬೆಳೆದಿರುವ ಈ ಕಾಲದಲ್ಲಿ ಮನುಷ್ಯನು ತನ್ನ ಒಳಗನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ವಿಚಾರಕ್ಕೆ ಆ ಪ್ರಸಂಗಕ್ಕಿಂತ ಸಮೀಪದ ಪ್ರವೇಶದ್ವಾರ ಸೊಲ್ಲಾಪುರದ ಶಿಕ್ಷಕನಿಗೆ ಇನ್ನೊಂದಿಲ್ಲ.

ಆಗಿನ ಸೊನ್ನಲಿಗೆಯೇ ಈಗಿನ ಸೊಲ್ಲಾಪುರ. ಮುದ್ದುಗೌಡ, ಸುಗ್ಗವ್ವೆ ಎಂಬ ಒಕ್ಕಲು ದಂಪತಿಗಳ ಮಗ ಸಿದ್ಧರಾಮ. ಹೊಲ ಕಾಯುತ್ತಿದ್ದ ಹುಡುಗನ ಬಳಿಗೆ ಜಂಗಮವೇಷದ ಮಲ್ಲಯ್ಯ ಬಂದು ಎಳೆಯ ತೆನೆಯ ಬೆಳಸಿಯನ್ನು ಬೇಡಿದನು, ಹುಡುಗ ಕೊಟ್ಟನು. ಹಸಿವು ಹಿಂಗಲಿಲ್ಲವೆಂದಾಗ ಮೊಸರನ್ನ ತರಲು ಮನೆಗೆ ಓಡಿದನು. ಮರಳಿ ಬರುವಷ್ಟರಲ್ಲಿ ಅತಿಥಿ ಇರಲಿಲ್ಲ. ಅವನನ್ನು ಹುಡುಕುತ್ತ ಶ್ರೀಶೈಲದವರೆಗೆ ಹೋದ ಆ ಬಾಲಕನು ಹಿಂದಿರುಗಿ ಬಂದು ಸೊನ್ನಲಿಗೆಯಲ್ಲಿ ಗುಡಿಗಳನ್ನು ಕಟ್ಟಿಸಿದನು, ಅರುವತ್ತೆಂಟು ಲಿಂಗಗಳನ್ನು ಪ್ರತಿಷ್ಠಾಪಿಸಿದನು, ಕೆರೆಯನ್ನು ಅಗೆಸತೊಡಗಿದನು. ರಾಘವಾಂಕ ಕವಿ ಹದಿಮೂರನೆಯ ಶತಮಾನದಲ್ಲಿ ರಚಿಸಿದ 'ಸಿದ್ಧರಾಮ ಚಾರಿತ್ರ'ದಿಂದ ಈ ಕಥೆ ಕನ್ನಡಿಗರ ಮನೆಮಾತಾಯಿತು. ಮಳೆ ಕಡಿಮೆಯಾದ ಸೀಮೆಯಲ್ಲಿ ಕೆರೆಯನ್ನು ಅಗೆಯಿಸುವುದು ಆ ಕಾಲದ ಅತ್ಯುನ್ನತ ತಂತ್ರಜ್ಞಾನವೇ ಸರಿ. ನೆಲದ ಇಳುಕಲನ್ನು ಅರಿಯಬೇಕು, ಏರಿಯನ್ನು ಬಲಪಡಿಸಬೇಕು, ಸಾವಿರಾರು ಕೈಗಳನ್ನು ಒಂದೇ ಕೆಲಸಕ್ಕೆ ಹೊಂದಿಸಬೇಕು. ಇದಕ್ಕಿಂತ ಲೋಕೋಪಕಾರಿಯಾದ ಕಾರ್ಯ ಯಾವುದಿದ್ದೀತು?

ಅಲ್ಲಿಗೆ ಅಲ್ಲಮಪ್ರಭು ಬಂದನು. ಕೆರೆಯ ಕೆಲಸದಲ್ಲಿ ತೊಡಗಿದ್ದ ಜನರನ್ನು ಕಂಡು, ನಿಮ್ಮ ಒಡ್ಡರಾಮನೆಲ್ಲಿ ಎಂದು ಏಕವಚನದಲ್ಲಿ ವಿಚಾರಿಸಿದನು. ತಮ್ಮ ಗುರುವನ್ನು ಮಣ್ಣು ಹೊರುವವನೆಂದು ಕರೆದ ಈ ಅಪರಿಚಿತನ ಮೇಲೆ ಕೆಲಸಗಾರರು ಕೆರಳಿ ಕಲ್ಲೆಸೆದರು. ಸುದ್ದಿ ಕೇಳಿ ಸಿದ್ಧರಾಮನೂ ಕೋಪದಿಂದಲೇ ಬಂದನು. ಕೋಪ ತಣಿದ ಮೇಲೆ ಅವರಿಬ್ಬರ ನಡುವೆ ನಡೆದ ಸಂವಾದವು ಕನ್ನಡ ಸಾಹಿತ್ಯದ ಮಹತ್ತ್ವದ ಸಂವಾದಗಳಲ್ಲೊಂದು. ಅಲ್ಲಮನು ಕೆರೆ ಕೆಟ್ಟದ್ದೆಂದು ಹೇಳಲಿಲ್ಲ. ಕೆರೆಯನ್ನು ಅಗೆಯಿಸುತ್ತಿರುವವನು ಯಾರು ಎಂದು ಕೇಳಿದನು. ಲೋಕಕ್ಕೆ ನೀರು ಕೊಡುವ ಹಮ್ಮಿನಲ್ಲಿ, ನಾನು ಮಾಡಿದೆನೆಂಬ ಭಾವದಲ್ಲಿ ಆ ಮಾಡುವವನೇ ಬತ್ತಿಹೋಗುತ್ತಿಲ್ಲವೇ ಎಂಬುದೇ ಆ ಪ್ರಶ್ನೆಯ ತಿರುಳು. ಸಿದ್ಧರಾಮನಿಗೆ ಅದು ನಾಟಿತು. ಅವನು ಅಲ್ಲಮನೊಡನೆ ಕಲ್ಯಾಣಕ್ಕೆ ನಡೆದನು. ಅಲ್ಲಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದನೆಂದು ಶೂನ್ಯಸಂಪಾದನೆಯ ನಿರೂಪಣೆ. ಕರ್ಮಯೋಗಿಯು ಶಿವಯೋಗಿಯಾದ ಕಥೆಯೆಂದು ವಿದ್ವಾಂಸರು ಇದನ್ನು ವರ್ಣಿಸುತ್ತಾರೆ. ಕೆರೆ ಮಾತ್ರ ಇಂದಿಗೂ ಇದ್ದಲ್ಲಿಯೇ ಇದೆ.

ಈ ಪ್ರಸಂಗವನ್ನು ಇಂದಿನ ಶಾಲೆಯ ಅಂಗಳದಲ್ಲಿ ನಿಂತು ಓದಬೇಕು. ಸಸಿ ನೆಡುವ ದಿನ ಬರುತ್ತದೆ. ಮೊದಲು ಫಲಕ ಹಿಡಿದು ಸಾಲಾಗಿ ನಿಲ್ಲಬೇಕು, ಛಾಯಾಚಿತ್ರ ತೆಗೆಯಬೇಕು, ಅದು ಕೇಂದ್ರ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ನಿಗದಿತ ವೇಳೆಯೊಳಗೆ ತಲುಪಬೇಕು. ಸಸಿಯ ಬುಡಕ್ಕೆ ಮರುದಿನ ನೀರೆರೆದವರಾರು ಎಂಬ ಪ್ರಶ್ನೆಗೆ ಯಾವ ನಮೂನೆಯಲ್ಲಿಯೂ ಕಾಲಂ ಇಲ್ಲ. ವಾಚನ ದಿನ, ಸ್ವಚ್ಛತಾ ದಿನ, ಯೋಗ ದಿನ ಇವೆಲ್ಲವೂ ಇದೇ ದಾರಿಯಲ್ಲಿ ಸಾಗಿವೆ. ಇದರಲ್ಲಿ ಶಿಕ್ಷಕರ ತಪ್ಪೇನೂ ಹೆಚ್ಚಿಲ್ಲ. ಕೇಳಿದ್ದನ್ನು ಕೊಡದಿದ್ದರೆ ಉತ್ತರ ಹೇಳಬೇಕಾದವರು ಅವರೇ. ಆದರೆ ತಂತ್ರಜ್ಞಾನವು ಮಾಡಿದ ಕೆಲಸಕ್ಕೆ ಸಾಕ್ಷಿಯಾಗಬೇಕಾಗಿದ್ದುದು ಈಗ ಸಾಕ್ಷಿಗಾಗಿಯೇ ಕೆಲಸವೆಂಬಷ್ಟು ಮುಂದೆ ಹೋಗಿದೆ. ಅದನ್ನು ಮಕ್ಕಳು ನೋಡುತ್ತಿದ್ದಾರೆ. ಹತ್ತು ವರುಷದ ಹುಡುಗಿಗೆ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ, ಫೋಟೋ ಆದ ಮೇಲೆ ಪುಸ್ತಕವನ್ನು ಮುಚ್ಚಬಹುದೆಂದು. ಭೌತಿಕವಾದವೆಂದರೆ ಹಣದ ಆಸೆಯೊಂದೇ ಎಂದು ತಿಳಿಯುವುದು ಸರಿಯಲ್ಲ. ಕಾಣುವುದಷ್ಟೇ ನಿಜ, ತೋರಿಸಿದ್ದಷ್ಟೇ ನಡೆದದ್ದು ಎಂಬ ನಂಬಿಕೆಯೂ ಭೌತಿಕವಾದವೇ, ಮತ್ತು ಅದು ಶಾಲೆಯೊಳಗೇ ಹುಟ್ಟಬಲ್ಲದು.

ಹಾಗೆಂದು ಭೌತಿಕ ಸೌಕರ್ಯಗಳನ್ನು ಹಳಿಯುವ ಉಪನ್ಯಾಸ ಸೊಲ್ಲಾಪುರದಲ್ಲಿ ನಡೆಯಲಾರದು, ನಡೆಯಲೂ ಬಾರದು. ಈ ಊರನ್ನು ಕಟ್ಟಿದ್ದೇ ಯಂತ್ರ. 1877ರಲ್ಲಿ ಇಲ್ಲಿ ಮೊದಲನೆಯ ಬಟ್ಟೆ ಗಿರಣಿ ಆರಂಭವಾಯಿತು. ಜನರು ಅದನ್ನು ಜುನಿ ಮಿಲ್ ಎಂದೇ ಕರೆದರು. ಸುತ್ತಣ ಬರಗಾಲದ ಹಳ್ಳಿಗಳಿಂದ ಕನ್ನಡದವರು, ಮರಾಠಿಯವರು, ತೆಲಂಗಾಣದ ಕಡೆಯಿಂದ ನೇಕಾರರು, ಉರ್ದು ಮಾತಾಡುವವರು ಇಲ್ಲಿಗೆ ಬಂದು ಒಂದೇ ಭೋಂಗಾದ ಸದ್ದಿಗೆ ಎದ್ದು ಒಂದೇ ಗೇಟಿನಲ್ಲಿ ಒಳಹೋದರು. ನಾಲ್ಕು ಭಾಷೆಗಳ ಈ ನಗರ ಹೀಗೆ ಬೆಳೆಯಿತು. 1930ರ ಮೇ ತಿಂಗಳಲ್ಲಿ ಸ್ವಾತಂತ್ರ್ಯ ಹೋರಾಟದ ಕಾವಿನಲ್ಲಿ ಇಲ್ಲಿ ಮಾರ್ಷಲ್ ಲಾ ಜಾರಿಗೆ ಬಂದಿತು. 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಇವರ ಹೆಸರುಗಳನ್ನು ಒಟ್ಟಿಗೆ ಓದಿದರೆ ಊರಿನ ಒಳಬಾಳು ಎಂತಹದಿತ್ತೆಂಬುದು ತಿಳಿಯುತ್ತದೆ. ಗಿರಣಿಗಳು ಮುಂದೆ ಒಂದೊಂದಾಗಿ ಮುಚ್ಚಿದವು. ಚಾದರ ಮತ್ತು ಟವೆಲ್ಲುಗಳ ಪವರ್‌ಲೂಮ್, ಬೀಡಿ ಕಟ್ಟುವ ತಾಯಂದಿರ ಬೆರಳುಗಳು, ಸಿದ್ಧ ಉಡುಪಿನ ಹೊಲಿಗೆ ಯಂತ್ರಗಳು ಇಂದು ಸಾವಿರಾರು ಮನೆಗಳ ಒಲೆ ಹೊತ್ತಿಸುತ್ತಿವೆ. ಅಂತಹ ಮನೆಯ ಮಗುವಿಗೆ ಆಸೆಯೇ ದುಃಖಕ್ಕೆ ಮೂಲವೆಂದು ಬೋಧಿಸುವುದು ಸುಲಭ. ಬೋಧಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಹಲವು ದಿನಗಳಿಗೊಮ್ಮೆ ನಳಕ್ಕೆ ನೀರು ಬರುವ ಓಣಿಯಲ್ಲಿ ಬೆಳೆದ ಮಗುವಿಗೆ ನೀರಿನ ಪಂಪು, ಫ್ಯಾನು, ಒಂದು ಒಳ್ಳೆಯ ಫೋನು ಇವು ಬೇಕೆನಿಸುವುದು ಸಹಜ, ನ್ಯಾಯವೂ ಹೌದು.

ಆದುದರಿಂದ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಕೇಳಬೇಕಾಗುತ್ತದೆ. ಒಂದು ಯಂತ್ರ ಮನೆಗೆ ಬಂದಾಗ ಅದು ಯಾವ ಶ್ರಮವನ್ನು ಕಡಿಮೆಮಾಡಿತು ಎಂಬುದನ್ನು ಎಲ್ಲರೂ ಲೆಕ್ಕಹಾಕುತ್ತಾರೆ. ಆ ಶ್ರಮದೊಡನೆ ಇನ್ನೇನು ಹೊರಟುಹೋಯಿತು ಎಂಬುದನ್ನು ಲೆಕ್ಕಹಾಕುವವರು ಯಾರು?

ಬೀಸುಕಲ್ಲಿನ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಜೋಳದ ಸೀಮೆಯ ಹೆಂಗಸು ಕೋಳಿ ಕೂಗುವ ಹೊತ್ತಿಗೆ ಎದ್ದು ಮನೆಮಂದಿಗೆಲ್ಲ ಬೇಕಾಗುವ ಹಿಟ್ಟನ್ನು ಬೀಸಬೇಕಾಗಿತ್ತು. ಹಿಟ್ಟಿನ ಗಿರಣಿ ಬಂದು ಆ ದಾಸ್ಯ ತಪ್ಪಿತು. ಬೀಸುಕಲ್ಲಿನ ಕಾಲವೇ ಚೆನ್ನಾಗಿತ್ತೆಂದು ಮರುಗುವ ಲೇಖನಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಬರೆಯುವವರು ಸಾಮಾನ್ಯವಾಗಿ ಗಂಡಸರು. ರಟ್ಟೆ ಸೋತ ಹೆಂಗಸಿನ ಮುಂದೆ ಆ ಮರುಕ ನಿಲ್ಲಲಾರದು. ಆದರೆ ಆ ಕಲ್ಲಿನ ಮುಂದೆ ಕುಳಿತು ಅವಳು ಹಾಡುತ್ತಿದ್ದಳು. ತವರಿನ ನೆನಪು, ಅಣ್ಣ ಬರಲಿಲ್ಲವೆಂಬ ಕೊರಗು, ತೀರಿಹೋದ ಕೂಸಿನ ಸಂಕಟ, ಮನೆದೇವರ ಸ್ತುತಿ ಇವೆಲ್ಲ ಮೂರು ಸಾಲಿನ ತ್ರಿಪದಿಯಲ್ಲಿ ಹೊರಬರುತ್ತಿದ್ದವು. ಹಗಲೆಲ್ಲ ಯಾರಿಗೂ ಹೇಳಲಾಗದ್ದನ್ನು ಅವಳು ಆ ನಸುಕಿನಲ್ಲಿ ಕಲ್ಲಿಗೆ ಹೇಳುತ್ತಿದ್ದಳು. ಹಿಟ್ಟನ್ನು ಗಿರಣಿ ಕೊಟ್ಟಿತು. ಆ ಏಕಾಂತವನ್ನು ಯಾವ ಗಿರಣಿಯೂ ಕೊಡಲಿಲ್ಲ. ಸುಗ್ಗಿಯ ಕಣದಲ್ಲಿ ಎತ್ತುಗಳನ್ನು ತಿರುಗಿಸುತ್ತ ರಾತ್ರಿಯೆಲ್ಲ ಹಾಡುತ್ತಿದ್ದ ಹಂತಿಯ ಪದಗಳಿಗೂ ಇದೇ ಗತಿಯಾಯಿತು. ರಾಶಿಯ ಮಶಿನ್ನು ಬಂದಿತು, ಒಂದೆರಡು ತಾಸಿನಲ್ಲಿ ಕಾಳು ಚೀಲ ಸೇರಿತು, ಪದ ಮೌನವಾಯಿತು. ಈಗ ಅದೇ ಹೆಂಗಸಿನ ಮೊಮ್ಮಗಳ ಕೈಯಲ್ಲಿ ಫೋನಿದೆ. ಅವಳ ದುಃಖಕ್ಕೆ ಅಲ್ಲಿ ಸಿಗುವುದು ಇನ್ನೊಬ್ಬರು ಹಾಡಿದ, ಇನ್ನೊಬ್ಬರು ಕುಣಿದ ಅರ್ಧ ನಿಮಿಷದ ರೀಲು. ಅದು ಮುಗಿದ ಕೂಡಲೆ ಮತ್ತೊಂದು. ಸ್ವಂತ ಮಾತನ್ನು ತಾನೇ ಕಟ್ಟಿ ತಾನೇ ಕೇಳಿಸಿಕೊಳ್ಳುವ ಅವಕಾಶ ಅವಳ ಬಾಳಿನಲ್ಲಿ ಎಲ್ಲಿದೆ?

ಅಧ್ಯಾತ್ಮವೆಂಬ ಶಬ್ದವನ್ನು ಈ ಉಪನ್ಯಾಸದಲ್ಲಿ ಬಳಸಿರುವುದು ಇದೇ ಅರ್ಥದಲ್ಲಿ. ಪೂಜಾವಿಧಿ, ಮತಾಚಾರಗಳು ಮನೆಯ ವಿಷಯ. ಸರ್ವಧರ್ಮೀಯ ಮಕ್ಕಳು ಕೂಡುವ ಶಾಲೆ ಅದರಲ್ಲಿ ಕೈಹಾಕುವಂತಿಲ್ಲ. ತನ್ನೊಳಗೆ ತಾನು ಕುಳಿತು ನೋಡಿಕೊಳ್ಳುವ ಶಕ್ತಿ, ಎದುರಿಗಿದ್ದವನ ನೋವನ್ನು ತನ್ನದೆಂದು ಅರಿಯುವ ಶಕ್ತಿ ಇವೆರಡು ಸೇರಿ ಮನುಷ್ಯನ ಅಂತರಂಗವಾಗುತ್ತದೆ. ಅದಕ್ಕೆ ಒಂದು ಭಾಷೆ ಬೇಕು. ಎರವಲು ಭಾಷೆಯಲ್ಲಿ ಮನುಷ್ಯ ವ್ಯಾಪಾರ ಮಾಡಬಲ್ಲ, ಅರ್ಜಿ ಬರೆಯಬಲ್ಲ, ಪರೀಕ್ಷೆ ಪಾಸಾಗಬಲ್ಲ. ಅಳುವಾಗ ತಾಯಿಯ ಮಾತೇ ಬಾಯಿಗೆ ಬರುತ್ತದೆ. ಕನ್ನಡ ಮಾಧ್ಯಮದ ಶಿಕ್ಷಕನ ಕೆಲಸ ಬರಿಯ ಭಾಷಾ ವಿಷಯದ ಬೋಧನೆಗಿಂತ ದೊಡ್ಡದಾಗುವುದು ಇಲ್ಲಿಯೇ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ಬಾಳು ಇದಕ್ಕೆ ನಿದರ್ಶನ. 1912ರಲ್ಲಿ ಈ ಊರಿನ ಸಿರಿವಂತ ಮನೆತನದಲ್ಲಿ ಹುಟ್ಟಿದ ಅವರಿಗೆ ದೊರೆತ ಶಾಲಾ ಶಿಕ್ಷಣ ಮರಾಠಿಯದು. ಮನೆಯ ಮಾತಾದ ಕನ್ನಡವನ್ನು ಓದಲು ಬರೆಯಲು ಅವರು ಸ್ವಪ್ರಯತ್ನದಿಂದ ಕಲಿತರು. ಸಂಪತ್ತಿಗೆ ಕೊರತೆಯಿರಲಿಲ್ಲ, ಬೇಕಾದಂತೆ ಬದುಕಬಹುದಾಗಿತ್ತು. ಅವರು ಆರಿಸಿಕೊಂಡದ್ದು ಶರಣಸಾಹಿತ್ಯದ ಅಧ್ಯಯನವನ್ನು, ಸೊಲ್ಲಾಪುರ ಸೀಮೆಯ ಕನ್ನಡದ ಕೆಲಸವನ್ನು. ಸಿದ್ಧರಾಮನ ಕಥೆಯನ್ನು ಅವರು ಬೃಹತ್ತಾದ 'ಶ್ರೀ ಸಿದ್ಧರಾಮ ಪುರಾಣ'ವಾಗಿ ರಚಿಸಿದಾಗ ಪಂಡಿತರ ಷಟ್ಪದಿಯನ್ನು ಹಿಡಿಯದೆ ತ್ರಿಪದಿಯನ್ನು, ಎಂದರೆ ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರ ಛಂದಸ್ಸನ್ನು, ಹಿಡಿದರು. ಕಲ್ಲು ನಿಂತುಹೋಗುತ್ತಿದ್ದ ಕಾಲದಲ್ಲಿ ಆ ಲಯವನ್ನು ಕಾವ್ಯದೊಳಗೆ ಉಳಿಸಿಕೊಂಡ ಕೆಲಸ ಅದು. ಮರಾಠಿಯ ಮೇಲೆ ಅವರಿಗೆ ಮುನಿಸಿರಲಿಲ್ಲ; ವಚನಗಳನ್ನು ಮರಾಠಿಗೆ ಕೊಂಡೊಯ್ದವರೂ ಅವರೇ. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಕರ್ನಾಟಕದ ಗಡಿಯ ಹೊರಗಿನವರು ಎಂಬುದನ್ನು ಇಲ್ಲಿನ ಮಕ್ಕಳಿಗೆ ತಪ್ಪದೆ ಹೇಳಬೇಕು. ತಮ್ಮ ಕನ್ನಡ ಎರಡನೆಯ ದರ್ಜೆಯದೆಂಬ ಅಳುಕು ಈ ಭಾಗದ ಮಕ್ಕಳಲ್ಲಿ ಬೇಗನೆ ಬೇರೂರುತ್ತದೆ.

ಇನ್ನೊಂದು ಬದಿಯಿಂದ ನೋಡಿದರೆ, ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದ ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮರಾಠಿ ಕಲಿತ ಕನ್ನಡತಿ, ಕನ್ನಡ ಕಲಿಸಿದ ಮರಾಠಿಗ ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಇದ್ದರು. ಭಾಷೆಯೊಂದನ್ನು ಆಳವಾಗಿ ಪ್ರೀತಿಸಿದವನು ನೆರೆಯ ಭಾಷೆಯನ್ನು ದ್ವೇಷಿಸಲಾರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ತಂತ್ರಜ್ಞಾನ ಮಾನವೀಯವಾಗುವುದು ಯಾವಾಗ ಎಂಬ ಪ್ರಶ್ನೆಗೂ ಈ ಜಿಲ್ಲೆಯಲ್ಲಿಯೇ ಉತ್ತರಗಳಿವೆ. 2020ರ ಡಿಸೆಂಬರದಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆಯವರಿಗೆ ಬಂದಾಗ ದೇಶವೆಲ್ಲ ಕ್ಯೂಆರ್ ಕೋಡಿನ ಬಗೆಗೆ ಮಾತಾಡಿತು. ಆದರೆ ಪ್ರಶಸ್ತಿ ನೀಡಿದವರ ಉಲ್ಲೇಖದಲ್ಲಿ ಇನ್ನೊಂದು ಸಂಗತಿಯಿತ್ತು. ಕನ್ನಡ ಮಾಧ್ಯಮದವರು ಅದನ್ನು ಗಮನಿಸಬೇಕು. ಅಲ್ಲಿನ ಮಕ್ಕಳ ಮನೆಮಾತು ಕನ್ನಡವಾಗಿತ್ತು, ಪಠ್ಯಪುಸ್ತಕ ಅವರ ಭಾಷೆಯಲ್ಲಿರಲಿಲ್ಲ. ಶಿಕ್ಷಕರು ಪಾಠಗಳನ್ನು ಮಕ್ಕಳ ಮಾತಿಗೆ ತಂದು, ಅನಂತರ ಅವುಗಳಿಗೆ ಕೋಡುಗಳನ್ನು ಜೋಡಿಸಿದರೆಂದು ಅಲ್ಲಿ ಹೇಳಲಾಗಿದೆ. ಮೊದಲು ಮಗುವಿನ ಭಾಷೆ, ಅದರ ಹಿಂದೆ ಯಂತ್ರ. ಈ ಅನುಕ್ರಮ ತಿರುಗಿದಲ್ಲೆಲ್ಲ ಉಪಕರಣಗಳು ಕಪಾಟಿನಲ್ಲಿ ಧೂಳು ಹಿಡಿದಿವೆ. ಹತ್ತು ಲಕ್ಷ ಡಾಲರುಗಳ ಆ ಬಹುಮಾನದಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನಲ್ಲಿದ್ದ ಇತರ ಒಂಬತ್ತು ಶಿಕ್ಷಕರಿಗೆ ಹಂಚುವುದಾಗಿ ಅಲ್ಲಿಯೇ ಘೋಷಿಸಿದರು. ಕ್ಯೂಆರ್ ಕೋಡಿನ ಪಾಠಕ್ಕಿಂತ ಈ ಪಾಠ ದೊಡ್ಡದೋ ಚಿಕ್ಕದೋ ಎಂಬುದನ್ನು ಕೇಳುಗರೇ ನಿರ್ಧರಿಸಬಹುದು.

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಹೋಯಿತು. ಮನೆಯಲ್ಲಿ ಇರುವ ಒಂದೇ ಫೋನು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಸೊಲ್ಲಾಪುರದ ನೀಲಂನಗರವೆಂಬ ಕಾರ್ಮಿಕರ ಬಡಾವಣೆಯಲ್ಲಿ ಮರಾಠಿ ಶಾಲೆಯೊಂದರ ಶಿಕ್ಷಕರು ಆಗ ಮನೆಮನೆಗಳ ಗೋಡೆಗಳ ಮೇಲೆ ಪಾಠಗಳನ್ನು ಬಣ್ಣದಲ್ಲಿ ಬರೆಯಿಸಿದರು. ಅಕ್ಷರ, ಕೋಷ್ಟಕ, ವ್ಯಾಕರಣ, ವಿಜ್ಞಾನದ ಚಿತ್ರ ಎಲ್ಲವೂ ಓಣಿಯ ಗೋಡೆಗೆ ಬಂದವು. ಮಕ್ಕಳು ದೂರದೂರ ನಿಂತು ಓದಿದರು. ಓದು ಬಾರದ ತಾಯಂದಿರೂ ಬಾಗಿಲಲ್ಲಿ ನಿಂತು ನೋಡಿದರು. ಸುಣ್ಣ ಬಣ್ಣಗಳ ಗೋಡೆಯೂ ಒಂದು ತಂತ್ರಜ್ಞಾನವೇ. ಯಾವ ಸಾಧನ ಹೊಸದು ಎಂದು ಆ ಶಿಕ್ಷಕರು ಕೇಳಲಿಲ್ಲ, ಯಾವ ಮಗು ಹೊರಗುಳಿಯಿತು ಎಂದು ಕೇಳಿದರು.

ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟಣೀಸರನ್ನೂ ಇಲ್ಲಿ ನೆನೆಯಬೇಕು. 1938ರಲ್ಲಿ ಐವರು ವೈದ್ಯರ ತಂಡದೊಡನೆ ಚೀನಾಕ್ಕೆ ಹೋದ ಅವರು ಯುದ್ಧದಲ್ಲಿ ಗಾಯಗೊಂಡವರಿಗೆ ಶಸ್ತ್ರಚಿಕಿತ್ಸೆ ಮಾಡುತ್ತ ಅಲ್ಲಿಯೇ ಉಳಿದರು, ರೋಗಿಗಳ ಭಾಷೆಯನ್ನು ಕಲಿತರು, 1942ರಲ್ಲಿ ಮೂವತ್ತೆರಡರ ಹರೆಯದಲ್ಲಿ ಅಲ್ಲಿಯೇ ತೀರಿಕೊಂಡರು. ಕೈಯಲ್ಲಿನ ಕತ್ತಿ ಆಧುನಿಕ ವಿದ್ಯೆ ಕೊಟ್ಟದ್ದು. ರೋಗಿಯ ಮಾತಿನಲ್ಲಿಯೇ ಅವನ ನೋವನ್ನು ವಿಚಾರಿಸುವ ಮನಸ್ಸನ್ನು ಯಾವ ಪದವಿಯೂ ಕೊಡುವುದಿಲ್ಲ.

ಅಕ್ಕಲಕೋಟೆಯ ಕಡೆಗೆ ತಿರುಗಿದರೆ ಬೇರೊಂದು ಚಿತ್ರ ಕಾಣುತ್ತದೆ. ಸಂಸ್ಥಾನಿಕರ ಅರಮನೆಯಲ್ಲಿ ಪ್ರಸಿದ್ಧವಾದ ಶಸ್ತ್ರಾಗಾರವಿದೆ. ಕತ್ತಿ, ಗುರಾಣಿ, ಬಂದೂಕು ಮೊದಲಾದವು ಒಪ್ಪವಾಗಿ ಜೋಡಿಸಲ್ಪಟ್ಟಿವೆ. ಒಂದೊಂದೂ ತನ್ನ ಕಾಲದಲ್ಲಿ ಹೊಚ್ಚ ಹೊಸ ಯಂತ್ರವಾಗಿತ್ತು. ಅದನ್ನು ಹೊಂದಿದವನು ಗೆದ್ದೆನೆಂದು ತಿಳಿದಿದ್ದನು. ಇಂದು ಮಕ್ಕಳು ಅವುಗಳನ್ನು ಪುರಾತನ ವಸ್ತುವೆಂದು ನೋಡಿ ಹೊರಬರುತ್ತಾರೆ. ಅದೇ ಊರಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಂದು ನೆಲಸಿ 1878ರಲ್ಲಿ ದೇಹವಿಟ್ಟ ಸ್ವಾಮಿ ಸಮರ್ಥರ ವಟವೃಕ್ಷದ ಕೆಳಗೆ ಜನ ಕಿಕ್ಕಿರಿದಿರುತ್ತಾರೆ. ಆಸ್ತಿಯೆಂದು ಹೇಳಿಕೊಳ್ಳಲು ಏನೂ ಇಲ್ಲದೆ, ಅನ್ಯರ ಮನೆಯ ಆಶ್ರಯದಲ್ಲಿ ಉಳಿದವರು ಅವರು. ಭಕ್ತರ ಸಾಲಿನಲ್ಲಿಯೂ ಈಗ ಎತ್ತಿದ ಕೈಗಳಲ್ಲಿ ಫೋನುಗಳೇ ಹೆಚ್ಚು. ದರ್ಶನವಾಗುವ ಮೊದಲೇ ಚಿತ್ರ ಊರು ಸೇರಿರುತ್ತದೆ. ಅದನ್ನು ನೋಡಿ ನಗಬಹುದು. ಆದರೆ ಹತ್ತಿರದ ಅನ್ನಛತ್ರದ ಪಂಕ್ತಿಯಲ್ಲಿ ಅದೇ ಜನ, ಕಾರಿನಲ್ಲಿ ಬಂದವರೂ ನಡೆದು ಬಂದವರೂ, ಒಬ್ಬರ ಪಕ್ಕ ಒಬ್ಬರು ಕುಳಿತು ಊಟಮಾಡುವುದನ್ನೂ ನೋಡಬೇಕು. ಎರಡೂ ನಿಜ. ಮಕ್ಕಳಿಗೆ ಎರಡನ್ನೂ ತೋರಿಸಬೇಕು, ಒಂದನ್ನು ಮಾತ್ರ ತೋರಿಸಿ ತೀರ್ಮಾನ ಹೇಳಬಾರದು.

ಈ ಸೀಮೆಯ ಹಳ್ಳಿಗಳಲ್ಲಿ ಶ್ರಾವಣ ಮಾಸ ಬಂತೆಂದರೆ ಪುರಾಣ ಪ್ರವಚನಗಳು ನಡೆಯುತ್ತವೆ. ಗಡಿಯ ಎರಡೂ ಬದಿಯ ಜನ ಕಿವಿಗೊಟ್ಟು ಕೇಳಿದ ಧ್ವನಿಗಳಲ್ಲಿ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳದು ಮುಖ್ಯವಾದುದು. ಅವರು ತೊಡುತ್ತಿದ್ದ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದ ಪತ್ರ ಓದಲ್ಪಟ್ಟಿತು. ಕಿಸೆಯಿಲ್ಲದ ಅಂಗಿಯ ಸಂಗತಿಯನ್ನು ಐದನೆಯ ಇಯತ್ತೆಯ ಮಕ್ಕಳಿಗೆ ಹೇಳಿದರೆ ಅವರು ಮೊದಲು ಕೇಳುವ ಪ್ರಶ್ನೆ, ಹಾಗಾದರೆ ಮೊಬೈಲು ಎಲ್ಲಿಡುತ್ತಿದ್ದರು ಎಂಬುದೇ ಆಗಿರುತ್ತದೆ. ಅಲ್ಲಿಂದಲೇ ಪಾಠ ಆರಂಭವಾಗಬಹುದು. ಶಿಕ್ಷಕನು ಉತ್ತರ ಹೇಳುವ ಅವಸರ ಮಾಡದೆ, ಒಂದು ದಿನ ಕಿಸೆಯಿಲ್ಲದಿದ್ದರೆ ಏನೇನನ್ನು ಬಿಟ್ಟು ಬರಬೇಕಾಗುತ್ತದೆ ಎಂದು ಮಕ್ಕಳಿಂದಲೇ ಬರೆಯಿಸಬೇಕು.

ಶಾಲೆಯೊಳಗೆ ಮಾಡಬಹುದಾದುದು ಏನು? ದೊಡ್ಡ ಯೋಜನೆಗಳು ಬೇಕಿಲ್ಲ, ಅವುಗಳಿಗೆ ಮತ್ತೆ ನಮೂನೆ ತುಂಬಬೇಕಾಗುತ್ತದೆ. ಯುನೆಸ್ಕೊ ಸಂಸ್ಥೆಯು 2023ರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನವನ್ನು ಕುರಿತು ಪ್ರಕಟಿಸಿದ ಜಾಗತಿಕ ವರದಿಯು, ಈ ಸಾಧನ ಯಾರ ಷರತ್ತಿನ ಮೇಲೆ ನಡೆಯುತ್ತಿದೆ ಎಂಬ ಪ್ರಶ್ನೆಯನ್ನೇ ಎತ್ತಿತು. ಶಾಲೆಗಳಲ್ಲಿ ಸ್ಮಾರ್ಟ್‌ಫೋನನ್ನು ನಿಷೇಧಿಸಿರುವ ದೇಶಗಳು ಆಗ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ನಿಷೇಧದಿಂದಲೇ ಎಲ್ಲವೂ ಆಗುತ್ತದೆಂದು ತಿಳಿಯುವಂತಿಲ್ಲ. ಪಾಠದ ನಡುವೆ ಶಿಕ್ಷಕನ ಫೋನು ಮಿನುಗಿ, ಅವನ ಕಣ್ಣು ಮಗುವಿನ ಮುಖದಿಂದ ಅತ್ತ ಸರಿದರೆ, ಆ ಮಗು ಕಲಿಯುವುದು ಪಾಠವನ್ನಲ್ಲ. ತಾಸು ಮುಗಿಯುವವರೆಗೆ ಶಿಕ್ಷಕರ ಫೋನುಗಳನ್ನು ಮುಖ್ಯಾಧ್ಯಾಪಕರ ಮೇಜಿನ ಮೇಲಿಡುವ ಪದ್ಧತಿಯನ್ನು ಯಾವ ಶಾಲೆಯಾದರೂ ತಾನಾಗಿಯೇ ಆರಂಭಿಸಬಹುದು. ಅದಕ್ಕೆ ಆದೇಶ ಬೇಡ. ಪ್ರಾರ್ಥನೆಯ ಅನಂತರ ಎರಡು ನಿಮಿಷ ಯಾವ ಹಾಡೂ ಘೋಷಣೆಯೂ ಇಲ್ಲದ ಮೌನಕ್ಕೂ ಆದೇಶ ಬೇಡ. ಮೊದಲ ವಾರ ಮಕ್ಕಳು ನಗುತ್ತಾರೆ, ಒಬ್ಬರನ್ನೊಬ್ಬರು ತಿವಿಯುತ್ತಾರೆ. ಅದಕ್ಕೆ ಸಿಟ್ಟಾಗಬಾರದು.

ಕೃತಕ ಬುದ್ಧಿಮತ್ತೆಯ ವಿಷಯವನ್ನೂ ಹೇಳಬೇಕು. ನಿಬಂಧವನ್ನು ಫೋನಿನಿಂದ ಬರೆಯಿಸಿ ತರುವ ಮಕ್ಕಳು ಈಗಾಗಲೇ ಬಂದಿದ್ದಾರೆ, ಇನ್ನು ಹೆಚ್ಚು ಬರಲಿದ್ದಾರೆ. 'ನನ್ನ ಅಜ್ಜಿ' ಎಂಬ ವಿಷಯ ಕೊಟ್ಟರೆ ಯಂತ್ರವು ಯಾವ ಊರಿನದೂ ಅಲ್ಲದ ಒಬ್ಬ ಅಜ್ಜಿಯನ್ನು ತಪ್ಪಿಲ್ಲದ ಕನ್ನಡದಲ್ಲಿ ಬರೆದುಕೊಡುತ್ತದೆ. ಅದನ್ನು ಪತ್ತೆಹಚ್ಚಿ ಮಗುವನ್ನು ಕಳ್ಳನೆಂದು ನಿಲ್ಲಿಸುವುದರಲ್ಲಿ ಅರ್ಥವಿಲ್ಲ, ವಿಷಯವನ್ನೇ ಬದಲಿಸಬೇಕು. ಮೈಂದರ್ಗಿಯ ಒಂದು ಮನೆಯಲ್ಲಿ, ದುಧನಿಯ ಒಂದು ಕಣದಲ್ಲಿ, ನಾಗಣಸೂರಿನ ಒಂದು ಅಡುಗೆಮನೆಯಲ್ಲಿ ಮಾತ್ರ ದೊರೆಯುವ ಉತ್ತರವನ್ನು ಬೇಡುವ ಪ್ರಶ್ನೆಗಳನ್ನು ಕೇಳಬೇಕು. ಜೋಳ ಬಿತ್ತುವುದರಿಂದ ರೊಟ್ಟಿ ಬಡಿಯುವವರೆಗೆ ನಿಮ್ಮ ಮನೆಯಲ್ಲಿ ಯಾವ ಯಾವ ಮಾತುಗಳಿವೆ? ಕಣಕಿ, ಸೀತನಿ, ರಾಶಿ, ಹಗೇವು ಈ ಶಬ್ದಗಳನ್ನು ಮನೆಯಲ್ಲಿ ಯಾರು ಕೊನೆಯದಾಗಿ ಬಳಸಿದರು? ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ಅವಳಿಗೆ ನೆನಪಿರುವುದೆಷ್ಟು? ಇದೇ ಕೆಲಸಕ್ಕೆ ಫೋನು ಬೇಕಾದರೆ ಬಳಸಲಿ. ಅಜ್ಜಿಯ ಧ್ವನಿಯನ್ನು ಮುದ್ರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಾಧನ ಹಿಂದೆಂದೂ ಬಡವರ ಕೈಗೆ ಬಂದಿರಲಿಲ್ಲ. ಮುದ್ರಿಸುವ ಮೊದಲು ಅವಳ ಒಪ್ಪಿಗೆ ಕೇಳಬೇಕೆಂದು ಮಾತ್ರ ಕಲಿಸಬೇಕು. ಕೆಲವು ಅಜ್ಜಿಯರು ಹಾಡಲಾರೆನೆನ್ನುತ್ತಾರೆ, ಕೆಲವರು ಎರಡನೆಯ ಸಾಲಿಗೆ ಅಳುತ್ತಾರೆ. ಆಗ ಫೋನನ್ನು ಆರಿಸಿ ಪಕ್ಕಕ್ಕಿಡಬೇಕೆಂಬುದನ್ನೂ ಹೇಳಿಕೊಡಬೇಕು.

ಸಂಕ್ರಾಂತಿಯ ಗಡ್ಡಾ ಜಾತ್ರೆಯ ವಾರವು ಈ ಚಟುವಟಿಕೆಗೆ ಅನುಕೂಲವಾದುದು. ನಂದಿಧ್ವಜಗಳು ಅರುವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ, ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ, ಹೋಮ ಮೈದಾನದಲ್ಲಿ ತೊಟ್ಟಿಲು ತಿರುಗುತ್ತವೆ. ಎಲ್ಲ ಜಾತಿ, ಎಲ್ಲ ಭಾಷೆಯ ಜನ ಅಲ್ಲಿರುತ್ತಾರೆ. ಜಾತ್ರೆಗೆ ಹೋದ ಮಕ್ಕಳು ಮರಳಿ ಬಂದ ಮೇಲೆ ಕೆರೆಯ ಪ್ರಸಂಗವನ್ನು ಹೇಳಬೇಕು, ಮೊದಲು ಬೇಡ. ಕಲ್ಲೆಸೆದ ಕೆಲಸಗಾರರ ಪಕ್ಷ ವಹಿಸುವ ಮಕ್ಕಳು ತರಗತಿಯಲ್ಲಿ ಖಂಡಿತ ಇರುತ್ತಾರೆ. ತಮ್ಮ ಗುರುವನ್ನು ಬೈದರೆ ಸುಮ್ಮನಿರಬೇಕೆ ಎಂದು ಅವರು ವಾದಿಸುತ್ತಾರೆ. ವಾದಿಸಲಿ. ಅಲ್ಲಮನು ಮಾಡಿದ್ದು ಸರಿಯೇ ಎಂದು ಕೇಳುವ ಮಗುವಿಗೂ ಅವಕಾಶವಿರಲಿ. ಸಂಗ್ರಹಿಸಿದ ಪದಗಳನ್ನು ಒಂದು ವಹಿಯಲ್ಲಿ ಬರೆಯಿಸಿ, ಪ್ರತಿಯೊಂದರ ಕೆಳಗೆ ಅದನ್ನು ಹೇಳಿದ ಅಜ್ಜಿಯ ಹೆಸರು, ಊರು, ಅವಳು ಯಾರಿಂದ ಕಲಿತಳೆಂಬುದನ್ನು ನಮೂದಿಸಬೇಕು. ಬರೆಯಲು ಬಾರದ ಅಜ್ಜಿಯಾದರೆ ಮೊಮ್ಮಗುವೇ ಅವಳ ಕೈಹಿಡಿದು ಅವಳ ಹೆಸರಿನ ಮೊದಲ ಅಕ್ಷರವನ್ನು ಬರೆಯಿಸಲಿ. ಆ ವಹಿಯನ್ನು ಮೇಲಿನವರಿಗೆ ಕಳುಹಿಸಬೇಕಾಗಿಲ್ಲ. ಅದು ಶಾಲೆಯ ವಾಚನಾಲಯದಲ್ಲಿ, ಮಕ್ಕಳ ಕೈಗೆ ಎಟುಕುವ ಕಪಾಟಿನಲ್ಲಿ ಇರಲಿ.